ಹ್ಯಾಂಡ್‌ಹೆಲ್ಡ್ ಸೋನಿಕ್: ಸಣ್ಣ ಸ್ಕ್ರೀನಿನ ತಪ್ಪಾ, ಮಾಡಿದವರ ತಪ್ಪಾ?

ಬಿಜೈ_ಬಿಟ್ಸ್

ಹ್ಯಾಂಡ್‌ಹೆಲ್ಡ್‌ನಲ್ಲಿ (ಕೈಯಲ್ಲಿ ಹಿಡಿದು ಆಡುವ ಯಂತ್ರದಲ್ಲಿ) ಬಂದ ಸೋನಿಕ್, ಅಂದ್ರೆ ಸೆಗಾ ಕಂಪನಿಯ ನೀಲಿ ಮುಳ್ಳುಹಂದಿ ಓಡುವ ಆಟಗಳ ಮಾತು ಎತ್ತಿದ್ರೆ ಸಾಕು, "ಆಗಿನ ಚಿಪ್ಪಿಗೆ ಅಷ್ಟೇ ತಾಕತ್ತು ಮಾರಾಯ್ರೆ" ಅಂತ ಹೇಳಿ ಮುಗಿಸಿಬಿಡ್ತಾರೆ. ಸೆಗಾದ ಹ್ಯಾಂಡ್‌ಹೆಲ್ಡ್ ಗೇಮ್ ಗಿಯರ್ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಅದರೊಳಗಿನ ಝಡ್80 ಪ್ರೊಸೆಸರ್ 3.58 ಮೆಗಾಹರ್ಟ್ಸ್‌ನದ್ದು. ಟಿವಿಗೆ ಸಿಕ್ಕಿಸುವ ಸೆಗಾದ ಮಾಸ್ಟರ್ ಸಿಸ್ಟಮ್‌ನಲ್ಲಿ ಇದ್ದದ್ದೂ ಅದೇ. ವಿಡಿಯೋ ಮೆಮೊರಿ ಎರಡರಲ್ಲೂ 16 ಕೆಬಿ. ಬಣ್ಣದಲ್ಲಂತೂ ಗೇಮ್ ಗಿಯರ್ ಒಂದು ಕೈ ಮೇಲು: ಮಾಸ್ಟರ್ ಸಿಸ್ಟಮ್ 64 ಬಣ್ಣಗಳಿಂದ ಆರಿಸಿಕೊಳ್ಳಬೇಕು, ಗೇಮ್ ಗಿಯರ್‌ಗೆ 4096 ಉಂಟು.

ಹಾಗಿದ್ದೂ 1992ರ ಸೋನಿಕ್ 2 ಮಾಸ್ಟರ್ ಸಿಸ್ಟಮ್‌ನಲ್ಲಿ ಹದವಾಗಿ ಆಡಬಹುದಾದ ಆಟ, ಗೇಮ್ ಗಿಯರ್‌ನಲ್ಲಿ ತಲೆ ಚಚ್ಚಿಕೊಳ್ಳುವ ಆಟ. ಕಾರಣ ಚಿತ್ರದ ಅಳತೆ. ಮಾಸ್ಟರ್ ಸಿಸ್ಟಮ್ ತೋರಿಸುವುದು 256×192. ಗೇಮ್ ಗಿಯರ್ ಅದರ ನಟ್ಟನಡುವಿನ 160×144 ಮಾತ್ರ ತೋರಿಸ್ತದೆ. ಎಡಕ್ಕೆ 48, ಬಲಕ್ಕೆ 48, ಮೇಲೆ 24, ಕೆಳಗೆ 24 ಪಿಕ್ಸೆಲ್ ಹೋಯಿತು. ಉಳಿದದ್ದು ಮೂಲ ಚಿತ್ರದ 47 ಶೇಕಡಾ. ಹಂತಗಳ ನಕ್ಷೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇಟ್ಟರು.

ನನ್ನ ಲೆಕ್ಕದಲ್ಲಿ ಈ ಸರಣಿ ಕಳೆದುಕೊಂಡ ದೊಡ್ಡ ಅವಕಾಶ ಕ್ಯಾಮೆರಾ. ಸೆಗಾದ 16-ಬಿಟ್ ಟಿವಿ ಯಂತ್ರ ಮೆಗಾಡ್ರೈವ್‌ನಲ್ಲಿ ಸೋನಿಕ್‌ನ ಸಾಮಾನ್ಯ ಓಟದ ಮಿತಿ ಫ್ರೇಮಿಗೆ 6 ಪಿಕ್ಸೆಲ್, ಸೆಕೆಂಡಿಗೆ 60 ಫ್ರೇಮ್. ಅದನ್ನೇ ಅಳತೆಗೋಲು ಮಾಡಿಕೊಳ್ಳಿ, ಸೋನಿಕ್ ಸ್ಕ್ರೀನಿನ ನಡುವೆ ಇದ್ದಾನೆ ಅಂತ ಇಟ್ಟುಕೊಳ್ಳಿ:

ಮೆಗಾಡ್ರೈವ್, 320 ಅಗಲ: ಮುಂದೆ 160 ಪಿಕ್ಸೆಲ್, ಸುಮಾರು 0.44 ಸೆಕೆಂಡ್.
ಮಾಸ್ಟರ್ ಸಿಸ್ಟಮ್, 256: ಮುಂದೆ 128, ಸುಮಾರು 0.36.
ಗೇಮ್ ಬಾಯ್ ಅಡ್ವಾನ್ಸ್, 240: ಮುಂದೆ 120, ಸುಮಾರು 0.33.
ಗೇಮ್ ಗಿಯರ್, 160: ಮುಂದೆ 80, ಸುಮಾರು 0.22.

ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲಿಕ್ಕೇ ಮನುಷ್ಯನಿಗೆ ಕಾಲು ಸೆಕೆಂಡಿನಷ್ಟು ಬೇಕು. ಅಂದ್ರೆ ಗೇಮ್ ಗಿಯರ್‌ನಲ್ಲಿ ಆ ವೇಗದಲ್ಲಿ ಮುಳ್ಳು ಕಾಣುವುದೂ, ಪೆಟ್ಟಾಗಿ ಹೆಕ್ಕಿಟ್ಟ ರಿಂಗ್ ಉದುರುವುದೂ ಒಟ್ಟೊಟ್ಟಿಗೆ. ಇದಕ್ಕೆ ಹೊಸ ಚಿಪ್ ಬೇಕಿರಲಿಲ್ಲ. ಓಡುವ ದಿಕ್ಕಿಗೆ ಕ್ಯಾಮೆರಾವನ್ನು 32 ಪಿಕ್ಸೆಲ್ ಮುಂದೆ ಸರಿಸಿದ್ರೆ ಎದುರಿಗೆ 112 ಸಿಗ್ತಿತ್ತು, 0.31 ಸೆಕೆಂಡ್. ನಿಮಗೆಲ್ಲ ಎಂತ ಅನ್ನಿಸ್ತದೆ?

ಮಲ್ಪೆ_144

ಲೆಕ್ಕ ಸರಿ ಉಂಟು. ಆದ್ರೆ ಅಡ್ಡ ಅಳತೆ ಮಾತ್ರ ಹಿಡಿದು ಮಾತಾಡಿದ್ರೆ ಅರ್ಧ ಕಥೆ. ಸೋನಿಕ್‌ಗಳಲ್ಲಿ ಜಾಸ್ತಿ ಸಾಯುವುದು ಎತ್ತರದ ಕೊರತೆಯಿಂದ.

ಮೆಗಾಡ್ರೈವ್ ಸೋನಿಕ್ ಜಿಗಿಯುವಾಗ ಮೊದಲ ವೇಗ ಫ್ರೇಮಿಗೆ 6.5 ಪಿಕ್ಸೆಲ್, ಗುರುತ್ವ ಫ್ರೇಮಿಗೆ 0.21875. ಲೆಕ್ಕ ಹಾಕಿದ್ರೆ ಜಿಗಿತದ ಎತ್ತರ ಸುಮಾರು 96 ಪಿಕ್ಸೆಲ್. 224 ಎತ್ತರದ ಸ್ಕ್ರೀನಿನಲ್ಲಿ ಎಲ್ಲಿಂದ ಹಾರಿದ, ಎಲ್ಲಿ ಇಳಿಯಬೇಕು, ಎರಡೂ ಒಟ್ಟಿಗೆ ಕಾಣ್ತದೆ. 144ರಲ್ಲಿ ನಡುವಿನಿಂದ ಮೇಲಕ್ಕೆ ಇರುವುದೇ 72. ಅಷ್ಟೇ ಎತ್ತರದ ಜಿಗಿತ ಇಟ್ಟರೆ ತುದಿ ಮುಟ್ಟುವ ಹೊತ್ತಿಗೆ ಕ್ಯಾಮೆರಾ ಮೇಲೆ ಹೋಗಲೇಬೇಕು, ಇಳಿಯುವ ನೆಲ ಕೆಳಗೆ ಮರೆಯಾಗಲೇಬೇಕು. ಹಾಗಾಗಿ ಸಣ್ಣ ಸ್ಕ್ರೀನಿಗೆ ಆಟ ಮಾಡುವವ ಮೊದಲು ಕೈ ಹಾಕಬೇಕಾದ್ದು ಜಿಗಿತದ ಎತ್ತರಕ್ಕೆ. ಜಿಗಿತ ತಗ್ಗಿಸಿದ್ರೆ ಮೆಟ್ಟಿಲುಗಳ ನಡುವಿನ ಅಂತರ ತಗ್ಗಿಸಬೇಕು, ಅಂದ್ರೆ ನಕ್ಷೆಯನ್ನೇ ಹೊಸದಾಗಿ ಬರೆಯಬೇಕು. ಆ ಕೆಲಸಕ್ಕೆ ಪುರುಸೊತ್ತು ಕೊಡಲಿಲ್ಲ, ಅಷ್ಟೇ.

ಸೋನಿಕ್ 2ರ ಸ್ಕೈ ಹೈ ಝೋನ್ ತಗೊಳ್ಳಿ. ಹ್ಯಾಂಗ್ ಗ್ಲೈಡರ್‌ನಲ್ಲಿ ಹಾರುವಾಗ ಮುಂದಿನ ಮೋಡ ಎಲ್ಲುಂಟು ಅಂತ ಕೆಳಗೆ ನೋಡಬೇಕು. ಕೆಳಗಿನ 24 ಸಾಲೇ ಮಾಯ.

ಕುಂದಾಪ್ರ_ಕಾರ್ಟ್

ಹ್ಯಾಂಗ್ ಗ್ಲೈಡರ್ ಬಿಡಿ ಮಾರಾಯ್ರೆ, ಅದಕ್ಕಿಂತ ಮೊದಲೇ ಅಂಡರ್ ಗ್ರೌಂಡ್ ಝೋನ್‌ನ ಬಾಸ್ ಉಂಟಲ್ಲ! ಆಟದ ಮೊದಲ ಬಾಸ್. ಕೊನೆಯ ಬಾಸ್ ಆದ್ರೂ ಅದಕ್ಕಿಂತ ಸುಲಭ ಕಾಣಿ.

ಹೊಸದಾಗಿ ಆಡುವವರಿಗೆ ಹೇಳ್ತೇನೆ. ಇಳಿಜಾರು ನೆಲ, ತಳದಲ್ಲಿ ಬಾಯಿ ತೆರೆದುಕೊಂಡ ಯಂತ್ರ, ಮೇಲಿನ ತುದಿಯಿಂದ ಪುಟಿಯುತ್ತ ಬರುವ ಚೆಂಡುಗಳು. ಬಾಸ್ ಇರುವ ಆಕ್ಟ್‌ನಲ್ಲಿ (ಝೋನ್‌ನ ಒಂದು ಭಾಗದಲ್ಲಿ) ಒಂದು ರಿಂಗ್ ಕೂಡ ಇಡಲಿಲ್ಲ, ಒಂದು ತಾಗಿದ್ರೆ ಸತ್ತ. ಚೆಂಡಿನಿಂದ ತಪ್ಪಿಸಿಕೊಂಡು ಅದು ಕೆಳಗಿನ ಯಂತ್ರಕ್ಕೇ ಬಡಿಯುವ ಹಾಗೆ ಮಾಡಬೇಕು. ಮಾಸ್ಟರ್ ಸಿಸ್ಟಮ್‌ನಲ್ಲಿ ಚೆಂಡು ಬರುವುದು ದೂರದಿಂದಲೇ ಕಾಣ್ತದೆ, ಪುಟಿಯುವುದೂ ಒಂದು ಕ್ರಮದಲ್ಲಿ. ಗೇಮ್ ಗಿಯರ್‌ನಲ್ಲಿ ನೋಟ ಕಮ್ಮಿ ಆದದ್ದು ಸಾಲದು ಅಂತ ಒಂದೊಂದು ಚೆಂಡು ಒಂದೊಂದು ಎತ್ತರಕ್ಕೆ ಪುಟಿಯುವ ಹಾಗೆ ಮಾಡಿದ್ದಾರೆ. ಸ್ಕ್ರೀನ್ ಸಣ್ಣದಾದಲ್ಲಿ ಸುಲಭ ಮಾಡಬೇಕಿತ್ತು, ಇವರು ಉಲ್ಟಾ ಮಾಡಿದ್ರು.

ಉಪಾಯ: ಇಳಿಜಾರಿನ ಮೇಲ್ಭಾಗದ ಕಡೆಗೆ ಡಿ-ಪ್ಯಾಡ್ ಸಣ್ಣ ಸಣ್ಣದಾಗಿ ತಟ್ಟುತ್ತ ಇಳಿಜಾರಿನ ನಡುವೆ ನಿಲ್ಲಿ. ಪೂರ್ತಿ ಮೇಲೆ ಹೋದ್ರೆ ಚೆಂಡು ಕಾಣುವ ಮೊದಲೇ ಮುಖಕ್ಕೆ ಬಂತು. ಕೆಳಗೆ ಜಾರಿದ್ರೆ ಯಂತ್ರದ ಬಾಯಿಗೆ. ಚೆಂಡು ಎತ್ತರಕ್ಕೆ ಪುಟಿದದ್ದಾದ್ರೆ ಅಡಿಯಿಂದ ದಾಟಿ, ತಗ್ಗಿನಲ್ಲಿ ಬಂದ್ರೆ ಮಾತ್ರ ಹಾರಿ. ಪ್ರತಿ ಚೆಂಡಿಗೂ ಹಾರುತ್ತ ಕೂತ್ರೆ ಹಾರಿದಲ್ಲೇ ಮುಂದಿನದ್ದು ತಾಗ್ತದೆ.

ಮಣಿಪಾಲ_ಅಸೆಂಬ್ಲಿ

@ಬಿಜೈ_ಬಿಟ್ಸ್ ಕ್ಯಾಮೆರಾ ಸರಿಸುವ ವಿಚಾರ ಹೇಳಿದ್ರಲ್ಲ, ಅದರ ಒಳಗಿನ ಸಂಗತಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಯಾಕಂದ್ರೆ ಗೇಮ್ ಗಿಯರ್‌ನಲ್ಲಿ ಅದು ಇನ್ನೂ ಸುಲಭದ ಕೆಲಸ.

ಈ ವಿಡಿಯೋ ಚಿಪ್‌ನ ಹಿನ್ನೆಲೆ ನಕ್ಷೆ 32 ಟೈಲ್ ಅಗಲ, 28 ಟೈಲ್ ಎತ್ತರ. ಟೈಲ್ ಅಂದ್ರೆ 8×8. ಮಾಸ್ಟರ್ ಸಿಸ್ಟಮ್‌ನಲ್ಲಿ 256 ಅಗಲವೂ ಕಾಣ್ತದೆ, ಹಾಗಾಗಿ ಅಡ್ಡ ಸ್ಕ್ರೋಲ್ ಆಗುವಾಗ ಹೊಸ ಕಂಬ ಬರೆಯುವುದನ್ನು ಅಡಗಿಸಲಿಕ್ಕೆ ಎಡಬದಿಯ 8 ಪಿಕ್ಸೆಲ್ ಪಟ್ಟಿಯನ್ನು ಮುಚ್ಚುತ್ತಾರೆ. ಗೇಮ್ ಗಿಯರ್‌ನಲ್ಲಿ ಕಾಣುವುದು 20 ಟೈಲ್ ಮಾತ್ರ. 12 ಕಂಬ ಯಾವಾಗಲೂ ಕಣ್ಣಿನ ಹೊರಗೆ ಸಿದ್ಧವಾಗಿ ಕೂತಿರ್ತವೆ. ಕ್ಯಾಮೆರಾವನ್ನು ಆಚೀಚೆ ಜಾರಿಸಿದ್ರೆ ಹೊಸದಾಗಿ ಬರೆಯುವ ಅವಸರವೇ ಇಲ್ಲ.

ಮಾದರಿಗೂ ಬೇರೆ ಕಡೆ ಹೋಗಬೇಕಾಗಿರಲಿಲ್ಲ. 1993ರ ಸೋನಿಕ್ ಸಿಡಿಯಲ್ಲಿ ವೇಗ ಏರಿದಾಗ ಕ್ಯಾಮೆರಾ ಮುಂದಕ್ಕೆ 64 ಪಿಕ್ಸೆಲ್ ಸರಿಯುತ್ತದೆ, ಫ್ರೇಮಿಗೆ 2 ಪಿಕ್ಸೆಲ್‌ನಂತೆ. ಅದನ್ನು ಹಾಗೇ ತಂದು ಗೇಮ್ ಗಿಯರ್‌ಗೆ ಹಾಕಿದ್ರೆ ಆಗುದಿಲ್ಲ: 80ರಲ್ಲಿ 64 ಕಳೆದ್ರೆ ಸೋನಿಕ್‌ನ ನಡುವಿನಿಂದ ಹಿಂದಿನ ಅಂಚಿಗೆ 16 ಉಳೀತದೆ, ಅವನ ಬೆನ್ನು ಅಂಚಿಗೆ ಅಂಟಿಕೊಂಡ ಹಾಗೆ. ತಿರುಗಿದ ಕೂಡಲೇ ಕುರುಡು. 32 ಸರಿಯಾದ ಅಂಕೆ, 40ರ ಮೇಲೆ ಹೋಗಬಾರದು. ಸರಿಯುವ ವೇಗ ಫ್ರೇಮಿಗೆ 2 ಇರಲಿ. 4 ಮಾಡಿದ್ರೆ ದಿಕ್ಕು ಬದಲಿಸಿದಾಗ ಚಿತ್ರ ಎಳೆದಾಡಿದ ಹಾಗೆ ಆಗಿ ಕಣ್ಣು ನೋಯ್ತದೆ. ನಿಂತು ಆಡುವ ಬಾಸ್ ಜಾಗದಲ್ಲಿ ಪೂರ್ತಿ ನಿಲ್ಲಿಸಿಬಿಡಬೇಕು.

ಇನ್ನೊಂದು. ಮೊದಲ ಆಟಗಳಲ್ಲಿ ಉದುರಿದ ರಿಂಗ್ ಹೆಕ್ಕಲಿಕ್ಕೆ ಬಿಡದ್ದನ್ನೂ ಕೆಲವರು ಕಳೆದುಹೋದ ಅವಕಾಶ ಅಂತಾರೆ. ಅದನ್ನು ನಾನು ಒಪ್ಪುವುದಿಲ್ಲ. ಈ ಚಿಪ್ ಒಂದು ಸಾಲಿನಲ್ಲಿ 8 ಸ್ಪ್ರೈಟ್ (ಹಿನ್ನೆಲೆಯ ಮೇಲೆ ಬೇರೆಯಾಗಿ ಚಲಿಸುವ ಚಿತ್ರ) ಮಾತ್ರ ತೋರಿಸ್ತದೆ, ಒಟ್ಟು 64. 8-ಬಿಟ್ ಸೋನಿಕ್ 1ರಲ್ಲಿ ದಾರಿಯಲ್ಲಿ ಇಟ್ಟ ರಿಂಗ್ ಹಿನ್ನೆಲೆ ಟೈಲ್, ಸ್ಪ್ರೈಟ್ ಅಲ್ಲ. ಅವು ಉದುರಿ ಹಾರಬೇಕಾದ್ರೆ ಸ್ಪ್ರೈಟ್ ಆಗಲೇಬೇಕು. ಹತ್ತು ರಿಂಗ್ ಒಂದೇ ಎತ್ತರದಲ್ಲಿ ಹಾರಿದ್ರೆ ಸೋನಿಕ್‌ನೇ ಮಿಣಮಿಣ ಅಂತ ಮಾಯ ಆಗ್ತಿದ್ದ. ಇಲ್ಲಿ ಚಿಪ್‌ನ ಮಿತಿ ನಿಜವಾಗಿಯೂ ಉಂಟು.

ಬಿಜೈ_ಬಿಟ್ಸ್

ಹೌದು. ಆದ್ರೆ ರಿಂಗ್ ಪೂರ್ತಿ ಕಳೆಯುವ ಬದಲು ಅರ್ಧ ಕಳೆಯುವ ಹಾಗೆ ಮಾಡ್ಲಿಕ್ಕೆ ಸ್ಪ್ರೈಟ್ ಬೇಡ, ಒಂದು ಕಳೆಯುವ ಲೆಕ್ಕ ಸಾಕು. ಸಣ್ಣ ಸ್ಕ್ರೀನಿಗೆ ತಕ್ಕ ದಂಡ ಅಂತ ಒಂದು ಇರಬೇಕಲ್ಲ.

ಕೊಡಿಯಾಲ_ಸ್ಕ್ರೋಲ್

ಒಂದು ನ್ಯಾಯದ ಮಾತು ಹೇಳಬೇಕು. 1991ರ ಮೊದಲ ಆಟದಲ್ಲಿ ಅವರಿಗೆ ಈ ತೊಂದರೆ ಗೊತ್ತಿತ್ತು. ಜಂಗಲ್ ಝೋನ್‌ನ ಎರಡನೇ ಆಕ್ಟ್ ಮೇಲಕ್ಕೆ ಹತ್ತುವ ಹಂತ. ಮಾಸ್ಟರ್ ಸಿಸ್ಟಮ್‌ನಲ್ಲಿ ಒಮ್ಮೆ ಮೇಲೆ ಹೋದ ಸ್ಕ್ರೀನ್ ಕೆಳಗೆ ಬರುವುದಿಲ್ಲ, ಕೆಳ ಅಂಚಿನಿಂದ ಜಾರಿದ್ರೆ ಸಾವು. ಗೇಮ್ ಗಿಯರ್‌ನಲ್ಲಿ ಸ್ಕ್ರೀನ್ ಕೆಳಗೂ ಬರ್ತದೆ, ಬಿದ್ದವ ಮೊದಲಿನ ಮೆಟ್ಟಿಲಿನಲ್ಲಿ ಇಳೀತಾನೆ. ಏನ್ಷಂಟ್ ಕಂಪನಿಯವರು ಕೂತು ಯೋಚಿಸಿ ಮಾಡಿದ ಬದಲಾವಣೆ ಅದು. ಮುಂದಿನ ವರ್ಷ ಆಸ್ಪೆಕ್ಟ್ ಕಂಪನಿಯ ಕೈಗೆ ಸೋನಿಕ್ 2 ಹೋದಾಗ ಆ ಎಚ್ಚರ ಕಾಣುವುದಿಲ್ಲ.

ಹಾಗಂತ ಆಸ್ಪೆಕ್ಟ್‌ನವರಿಗೆ ಬರ್ತಿರಲಿಲ್ಲ ಅಂತ ಅಲ್ಲ. 1995ರ ಟೇಲ್ಸ್ ಅಡ್ವೆಂಚರ್ ಅವರದ್ದೇ. ವೇಗ ಪೂರ್ತಿ ಬಿಟ್ಟರು. ಸೋನಿಕ್‌ನ ಗೆಳೆಯ ನರಿ ಟೇಲ್ಸ್ ನಿಧಾನ ನಡೀತಾನೆ, ಬಾಂಬ್ ಎಸೀತಾನೆ, ಒಂದು ಹಂತಕ್ಕೆ ನಾಲ್ಕು ಸಾಮಾನು ಆರಿಸಿ ಹೊತ್ತುಕೊಂಡು ಹೋಗ್ತಾನೆ, ಪಾಸ್‌ವರ್ಡ್ ಬರೆದಿಟ್ಟುಕೊಂಡು ನಾಳೆ ಮುಂದುವರಿಸಬಹುದು. 160×144ರ ಕಿಟಕಿಯಲ್ಲಿ ಒಂದು ಕೋಣೆ ಕಂಡರೆ ಸಾಕು ಅನ್ನುವ ಆಟ. ಗೇಮ್ ಗಿಯರ್‌ನ ಸೋನಿಕ್ ಕುಟುಂಬದಲ್ಲಿ ಆ ಸ್ಕ್ರೀನಿಗೆ ಅಂತಲೇ ಹುಟ್ಟಿದ್ದು ಅದೊಂದೇ ಅಂತ ನನ್ನ ಅಭಿಪ್ರಾಯ.

ಅದರ ಮರುವರ್ಷ ಬಂದ ಸೋನಿಕ್ ಬ್ಲಾಸ್ಟ್‌ನಲ್ಲಿ ಪುನಃ ಉಲ್ಟಾ ದಾರಿ. ಕಂಪ್ಯೂಟರ್‌ನಲ್ಲಿ ಮೂರು ಆಯಾಮದಲ್ಲಿ ಮಾಡಿದ ದೊಡ್ಡ ಸ್ಪ್ರೈಟ್, ಮೊದಲೇ ಸಾಲದ ಸ್ಕ್ರೀನ್. ಚಿತ್ರ ಚೆಂದ ಕಾಣಲಿ ಅಂತ ಆಟಕ್ಕಿದ್ದ ಜಾಗವನ್ನೇ ತುಂಬಿಸಿದ್ರು.

ಮಲ್ಪೆ_144

ಟೇಲ್ಸ್ ಅಡ್ವೆಂಚರ್ ಒಳ್ಳೆಯದೇ. ಆದ್ರೆ "ಸಣ್ಣ ಸ್ಕ್ರೀನಿಗೆ ವೇಗ ಆಗುದಿಲ್ಲ" ಅನ್ನುವ ತೀರ್ಮಾನಕ್ಕೆ ಬರಬೇಡಿ. 1999ರ ಸೋನಿಕ್ ಪಾಕೆಟ್ ಅಡ್ವೆಂಚರ್ ಆಡಿ. ಅದು ಬಂದ ಎಸ್‌ಎನ್‌ಕೆ ಕಂಪನಿಯ ಹ್ಯಾಂಡ್‌ಹೆಲ್ಡ್ ನಿಯೋ ಜಿಯೋ ಪಾಕೆಟ್ ಕಲರ್‌ನ ಸ್ಕ್ರೀನ್ 160×152. ಗೇಮ್ ಗಿಯರ್‌ಗಿಂತ ಎಂಟು ಸಾಲು ಮಾತ್ರ ಜಾಸ್ತಿ! ಹಂತಗಳ ಕಲ್ಪನೆ ಮೆಗಾಡ್ರೈವ್‌ನ ಸೋನಿಕ್ 2ರದ್ದು, ಸಂಗೀತ ಬಹುಪಾಲು ಸೋನಿಕ್ 3ರದ್ದು, ಆದ್ರೆ ನಕ್ಷೆ ಆ ಸ್ಕ್ರೀನಿಗೆ ಬರೆದದ್ದು. ಸೀಕ್ರೆಟ್ ಪ್ಲಾಂಟ್ ಝೋನ್ ನೋಡಿದ ಕೂಡಲೇ ಕೆಮಿಕಲ್ ಪ್ಲಾಂಟ್ ನೆನಪಾಗ್ತದೆ, ಓಡಿದ್ರೆ ದಾರಿ ಬೇರೆ. ವೇಗ ಸಿಗುವಲ್ಲಿ ನೆಲ ನುಣ್ಣಗೆ, ಶತ್ರು ಇರುವಲ್ಲಿ ಓಟ ತಾನಾಗಿ ಕಮ್ಮಿ ಆಗುವ ಏರು. ಅಲ್ಲಲ್ಲಿ ಅಡಗಿಸಿಟ್ಟ ಪಝಲ್ ತುಂಡು ಹುಡುಕಲಿಕ್ಕೆ ಪುನಃ ಆಡುವ ಆಸೆಯೂ ಹುಟ್ಟುತ್ತದೆ.

ಎಸ್‌ಎನ್‌ಕೆಯ ಯಂತ್ರದಲ್ಲಿ ಆದದ್ದು ಸೆಗಾದ ಸ್ವಂತ ಯಂತ್ರದಲ್ಲಿ ಆಗಲಿಲ್ಲ, ಅದು ಬೇಜಾರು.

ಸುರತ್ಕಲ್_ಸೋಲ್ಡರ್

ನೀವೆಲ್ಲ ಪಿಕ್ಸೆಲ್ ಲೆಕ್ಕ ಹಾಕ್ತಾ ಇದ್ದೀರಿ, ಅಸಲಿ ಗೇಮ್ ಗಿಯರ್‌ನ ಎಲ್‌ಸಿಡಿಯನ್ನೇ ಮರೆತ್ರಿ. 3.2 ಇಂಚಿನ ಹಳೇ ಕಾಲದ ಪ್ಯಾನೆಲ್, ವೇಗವಾಗಿ ಸ್ಕ್ರೋಲ್ ಆದ್ರೆ ಚಿತ್ರ ಬಾಲ ಬಿಟ್ಟ ಹಾಗೆ ಕದಡ್ತದೆ. ಮುಂದಿರುವ 80 ಪಿಕ್ಸೆಲ್‌ನಲ್ಲಿ ಅಂಚಿನ ಸ್ವಲ್ಪ ಭಾಗ ಬರೀ ಮಬ್ಬು. ಹಿಂದಿನಿಂದ ಫ್ಲೋರೊಸೆಂಟ್ ಟ್ಯೂಬ್ ಉರಿಯುವ ಕಾರಣ ಆರು ಎಎ ಸೆಲ್ ಹಾಕಿದ್ರೂ ಮೂರರಿಂದ ಐದು ಗಂಟೆ. ಮೊದಲ ಎರಡು ಆಟದಲ್ಲಿ ಸೇವ್ ಇಲ್ಲ. ಸೋನಿಕ್ 2ರಲ್ಲಿ ಅಡಗಿಸಿಟ್ಟ ಎಮರಾಲ್ಡ್ ರತ್ನ ಎಲ್ಲ ಸಿಗದಿದ್ರೆ ಕ್ರಿಸ್ಟಲ್ ಎಗ್ ಝೋನ್ ತೆರೆಯುವುದಿಲ್ಲ, ಸೆರೆಯಲ್ಲಿರುವ ಟೇಲ್ಸ್‌ಗೆ ಬಿಡುಗಡೆಯೂ ಇಲ್ಲ. ನಡುವಿನಲ್ಲಿ ಸೆಲ್ ಸತ್ರೆ ಮೊದಲಿನಿಂದ. ಒಂದು ಪಾಸ್‌ವರ್ಡ್ ಸ್ಕ್ರೀನ್ ಸಾಕಿತ್ತಲ್ಲ ಮಾರಾಯ್ರೆ, ಅದಕ್ಕೆ ಬ್ಯಾಟರಿಯೂ ಬೇಡ, ಹೆಚ್ಚಿನ ಖರ್ಚೂ ಇಲ್ಲ.

ಹಳೇ ಗೇಮ್ ಗಿಯರ್ ತಗೊಂಡು ಆಡುವವರು "ಆಟ ಮಬ್ಬು" ಅಂತ ಬೈಯುವ ಮೊದಲು ಕೆಪಾಸಿಟರ್ ನೋಡಿ. ಅದರಲ್ಲಿರುವ ಸಣ್ಣ ಎಸ್‌ಎಂಡಿ ಎಲೆಕ್ಟ್ರೊಲಿಟಿಕ್‌ಗಳು ಸೋರುವುದು ಎಲ್ಲ ಊರಲ್ಲೂ ಉಂಟು. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಸೇರಿದ್ರೆ ಸೋರಿದ ದ್ರವ ತಾಮ್ರದ ಗೆರೆಯನ್ನು ಇನ್ನೂ ಬೇಗ ತಿನ್ನುತ್ತದೆ. ಲಕ್ಷಣ: ಶಬ್ದ ಸಣ್ಣದಾಗುವುದು ಅಥವಾ ನಿಲ್ಲುವುದು, ಕಾಂಟ್ರಾಸ್ಟ್ ಚಕ್ರ ಪೂರ್ತಿ ತಿರುಗಿಸಿದ್ರೂ ಚಿತ್ರ ಪೇಲವ, ಸ್ವಿಚ್ ಹಾಕಿದ ಕೂಡಲೇ ಆರಿಹೋಗುವುದು.

ಒಳಗೆ ಮೂರು ಬೋರ್ಡ್: ಮುಖ್ಯ, ಶಬ್ದದ್ದು, ವಿದ್ಯುತ್‌ದ್ದು. ಒಂದರದ್ದು ಬದಲಿಸಿ ಎರಡು ಬಿಟ್ಟರೆ ಆರು ತಿಂಗಳಲ್ಲಿ ಪುನಃ ಬಿಚ್ಚಬೇಕು, ಮೂರೂ ಒಟ್ಟಿಗೆ ಮಾಡಿ. ಮುಖ್ಯ ಬೋರ್ಡಿನಲ್ಲಿ ವಿಎ0, ವಿಎ1, ವಿಎ4, ವಿಎ5 ಅಂತ ಬರೆದಿರ್ತದೆ. ಅದನ್ನು ಓದಿದ ಮೇಲೆ ಕಿಟ್ ತರಿಸಿ, ಪಟ್ಟಿ ಬೇರೆ ಬೇರೆ. ಹಳೇದನ್ನು ಇಕ್ಕಳದಲ್ಲಿ ತಿರುಚಿ ಕೀಳಬೇಡಿ, ಪ್ಯಾಡ್ ಎದ್ದು ಬರ್ತದೆ. ಎರಡೂ ಕಾಲಿಗೆ ಹೊಸ ಸೋಲ್ಡರ್ ಕೊಟ್ಟು ಒಟ್ಟಿಗೆ ಬಿಸಿ ಮಾಡಿ ಎತ್ತಿ. ಪ್ಯಾಡ್ ಸುತ್ತ ಮೊದಲು ಬಿಳಿ ವಿನೆಗರ್ ಹಚ್ಚಿದ ಹತ್ತಿ, ಆಮೇಲೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್. ಪೂರ್ತಿ ಒಣಗಿದ ಮೇಲೆಯೇ ಹೊಸದು ಹಾಕಿ. ವಿದ್ಯುತ್ ಬೋರ್ಡ್‌ನಿಂದ ಹಿಂಬೆಳಕಿಗೆ ಹೋಗುವ ವೋಲ್ಟೇಜ್ ಜೋರು, ಆನ್ ಇರುವಾಗ ಕೈ ಹಾಕಬೇಡಿ.

ಕುಂದಾಪ್ರ_ಕಾರ್ಟ್

ಒಂದು ಪ್ರಶ್ನೆ. ಮಾಸ್ಟರ್ ಸಿಸ್ಟಮ್ ಕಾರ್ಟ್ರಿಜ್ ಅನ್ನು ಗೇಮ್ ಗಿಯರ್‌ಗೆ ಹಾಕುವ ಅಡಾಪ್ಟರ್ ಬರ್ತದಲ್ಲ, ಅದರಲ್ಲಿ ಹಾಕಿದ್ರೆ ಪೂರ್ತಿ 256 ಕಾಣ್ತದಾ?

ಮಣಿಪಾಲ_ಅಸೆಂಬ್ಲಿ

ಕಾಣ್ತದೆ. ಮಾಸ್ಟರ್ ಗಿಯರ್ ಕನ್ವರ್ಟರ್ ಅಂತ ಅದರ ಹೆಸರು. ಅದನ್ನು ಹಾಕಿದಾಗ ಯಂತ್ರ ಮಾಸ್ಟರ್ ಸಿಸ್ಟಮ್ ಮೋಡ್‌ಗೆ ಹೋಗ್ತದೆ, 256×192 ಚಿತ್ರವನ್ನು ಕುಗ್ಗಿಸಿ 160×144ರಲ್ಲಿ ತೋರಿಸ್ತದೆ. ಅಕ್ಷರ ಓದಲಿಕ್ಕೆ ಕಷ್ಟ, ಸೋನಿಕ್ ಸ್ವಲ್ಪ ಸೊರಗಿದ ಹಾಗೆ ಕಾಣ್ತಾನೆ. ಆದ್ರೆ ಮುಂದಿನ ಮುಳ್ಳು ಕಾಣ್ತದೆ. ಬಣ್ಣ ಮಾತ್ರ ಆ 64ಕ್ಕೆ ಇಳೀತದೆ.

ಕುತೂಹಲದ ವಿಷಯ: ಕೆಲವು ಗೇಮ್ ಗಿಯರ್ ಕಾರ್ಟ್ರಿಜ್‌ಗಳೇ ಒಳಗಿಂದ ಮಾಸ್ಟರ್ ಸಿಸ್ಟಮ್ ಮೋಡ್‌ನಲ್ಲಿ ಓಡುವಂಥವು. ಮಿಕ್ಕಿ ಮೌಸ್‌ನ ಕ್ಯಾಸಲ್ ಆಫ್ ಇಲ್ಯೂಶನ್ ಅಂಥದ್ದು. ಅಂದ್ರೆ ಸೆಗಾಕ್ಕೆ ಈ ದಾರಿ ಗೊತ್ತಿತ್ತು, ತನ್ನದೇ ಪ್ಲಾಟ್‌ಫಾರ್ಮ್ ಆಟದಲ್ಲಿ ಬಳಸಿತ್ತು ಕೂಡ. ಸೋನಿಕ್ 2ಕ್ಕೆ ಆಯ್ಕೆ ಪಟ್ಟಿಯಲ್ಲಿ ಹತ್ತಿರದ ನೋಟ, ದೂರದ ನೋಟ ಅಂತ ಎರಡು ಇಡಬಹುದಿತ್ತಾ ಅಂತ ಕೇಳಬೇಡಿ, ಮೋಡ್ ಆಟದ ನಡುವೆ ಬದಲಾಗುದಿಲ್ಲ. ಆ ಒಂದು ಕಾರ್ಟ್ರಿಜ್ ಮಾತ್ರ ದೂರದ ನೋಟದಲ್ಲಿ ಬಿಡುಗಡೆ ಮಾಡಬಹುದಿತ್ತು.

ಬಿಜೈ_ಬಿಟ್ಸ್

ಇದಕ್ಕೆ ಸೇರಿಸಿ ಹೇಳುವುದಾದ್ರೆ, ಕೊನೆಯ ಅವಕಾಶ ತಪ್ಪಿದ್ದು ಮೊನ್ನೆ ಮೊನ್ನೆ. 2023ರ ಜೂನ್‌ನಲ್ಲಿ ಬಂದ ಸೋನಿಕ್ ಒರಿಜಿನ್ಸ್ ಪ್ಲಸ್‌ನಲ್ಲಿ 12 ಗೇಮ್ ಗಿಯರ್ ಆಟ ಹಾಕಿದ್ರು. ದೊಡ್ಡ ಟಿವಿಯಲ್ಲಿ ಆಡುವವರಿಗೂ ಅದೇ 160×144. ಸೋನಿಕ್ 1, ಸೋನಿಕ್ 2, ಸೋನಿಕ್ ಕೇಯಾಸ್ ಮೂರಕ್ಕೂ ಮಾಸ್ಟರ್ ಸಿಸ್ಟಮ್ ಆವೃತ್ತಿ ಉಂಟು, ಹಕ್ಕು ಸೆಗಾದ್ದೇ. ಅದನ್ನು ಪಕ್ಕದಲ್ಲಿ ಇಡಲಿಕ್ಕೆ ಎಂತ ತೊಂದರೆ? 2020ರಲ್ಲಿ ಜಪಾನಿನಲ್ಲಿ ಬಿಟ್ಟ ಗೇಮ್ ಗಿಯರ್ ಮೈಕ್ರೊ ಇನ್ನೂ ತಮಾಷೆ, ಅದರ ಸ್ಕ್ರೀನ್ 1.15 ಇಂಚು. ಮೊದಲೇ ಕತ್ತರಿಸಿದ ಚಿತ್ರವನ್ನು ಅಂಚೆಚೀಟಿಯಷ್ಟು ಮಾಡಿದ್ರು.

ಕೊಡಿಯಾಲ_ಸ್ಕ್ರೋಲ್

ಗೇಮ್ ಗಿಯರ್‌ನಲ್ಲೇ ನಿಂತ್ರೆ ಆಗುದಿಲ್ಲ. ಎಲ್ಲದಕ್ಕಿಂತ ದೊಡ್ಡ ಗತಿಗೇಡು 2006ರದ್ದು: ಮೆಗಾಡ್ರೈವ್‌ನ ಸೋನಿಕ್ 1 ಅನ್ನೇ ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸ್‌ಗೆ ತಂದ "ಸೋನಿಕ್ ದ ಹೆಡ್ಜ್‌ಹಾಗ್ ಜೆನೆಸಿಸ್". ಹದಿನೈದನೇ ವರ್ಷದ ಹಬ್ಬಕ್ಕೆ ಅಂತ ಅಮೆರಿಕದಲ್ಲಿ ನವೆಂಬರ್‌ನಲ್ಲಿ ಬಿಟ್ಟರು. ಆಟ ತಡವರಿಸಿಕೊಂಡು ಓಡ್ತದೆ, ಸಂಗೀತ ತಾಳ ತಪ್ತದೆ, ಉರುಳುವಾಗ ಇಳಿಜಾರಿನಲ್ಲಿ ವೇಗ ಸರಿಯಾಗಿ ಸೇರುದಿಲ್ಲ.

ಮೂಲ ಯಂತ್ರ ಮೆಗಾಡ್ರೈವ್‌ನ 68000 ಪ್ರೊಸೆಸರ್ 7.67 ಮೆಗಾಹರ್ಟ್ಸ್. ಗೇಮ್ ಬಾಯ್ ಅಡ್ವಾನ್ಸ್‌ನ ಎಆರ್‌ಎಂ7 ಪ್ರೊಸೆಸರ್ 16.78 ಮೆಗಾಹರ್ಟ್ಸ್, 32-ಬಿಟ್. ಚಿಪ್ ಸಾಲದು ಅನ್ನುವ ನೆಪವೇ ಇಲ್ಲಿ ಇಲ್ಲ. ಐದು ವರ್ಷ ಮೊದಲೇ, 2001ರಲ್ಲಿ, ಡಿಂಪ್ಸ್ ಕಂಪನಿ ಇದೇ ಯಂತ್ರದಲ್ಲಿ ಸೋನಿಕ್ ಅಡ್ವಾನ್ಸ್ ಓಡಿಸಿ ತೋರಿಸಿತ್ತು. ಆಮೇಲೆ ಸೈಮನ್ ಥಾಮ್ಲಿ ಅನ್ನುವ ಅಭಿಮಾನಿ ಪ್ರೋಗ್ರಾಮರ್ ಅದೇ ಸೋನಿಕ್ 1 ಗೇಮ್ ಬಾಯ್ ಅಡ್ವಾನ್ಸ್ ಯಂತ್ರದಲ್ಲಿ ನೀಟಾಗಿ ಓಡುವ ಮಾದರಿ ಮಾಡಿ ಬಿಟ್ಟರು. ಅದೇ ಮನುಷ್ಯ ಮುಂದೆ ಕ್ರಿಶ್ಚಿಯನ್ ವೈಟ್‌ಹೆಡ್ ಜೊತೆ 2013ರ ಮೊಬೈಲ್ ಆವೃತ್ತಿಗೂ 2017ರ ಸೋನಿಕ್ ಮೇನಿಯಾಕ್ಕೂ ಕೆಲಸ ಮಾಡಿದ್ರು.

ಮಣಿಪಾಲ_ಅಸೆಂಬ್ಲಿ

ಅಡ್ವಾನ್ಸ್‌ನಲ್ಲಿ ಆಟ ನಿಧಾನ ಆಗುವ ಸಾಮಾನ್ಯ ಕಾರಣ ಹೇಳ್ತೇನೆ, ಹೋಮ್‌ಬ್ರೂ (ಹಳೇ ಯಂತ್ರಕ್ಕೆ ಸ್ವಂತ ಆಟ) ಮಾಡುವವರಿಗೆ ಉಪಯೋಗ ಆದೀತು. ಈ ಯಂತ್ರದಲ್ಲಿ ವೇಗದ ಒಳ ಮೆಮೊರಿ 32 ಕೆಬಿ, ನಿಧಾನದ ಹೊರ ಮೆಮೊರಿ 256 ಕೆಬಿ. ಕಾರ್ಟ್ರಿಜ್‌ಗೆ ಹೋಗುವ ದಾರಿ 16-ಬಿಟ್ ಅಗಲ ಮಾತ್ರ. 32-ಬಿಟ್ ಎಆರ್‌ಎಂ ಸೂಚನೆಗಳನ್ನು ಕಾರ್ಟ್ರಿಜ್‌ನಿಂದ ನೇರ ಓಡಿಸಿದ್ರೆ ಪ್ರತಿಯೊಂದಕ್ಕೂ ಎರಡೆರಡು ಸಲ ಓದಬೇಕು. ಹಾಗಾಗಿ ಡಿಕ್ಕಿ ಪರೀಕ್ಷೆ, ಶಬ್ದದ ಮಿಕ್ಸಿಂಗ್ ತರಹದ, ಪದೇ ಪದೇ ಓಡುವ ಕೋಡ್ ಅನ್ನು 32 ಕೆಬಿ ಒಳಗೆ ನಕಲು ಮಾಡಿ ಅಲ್ಲಿಂದ ಓಡಿಸಬೇಕು, ಉಳಿದದ್ದನ್ನು 16-ಬಿಟ್ ಥಂಬ್ ಸೂಚನೆಯಲ್ಲಿ ಕಾರ್ಟ್ರಿಜ್‌ನಲ್ಲೇ ಇಡಬೇಕು. ಮೆಗಾಡ್ರೈವ್‌ನ ಎಫ್‌ಎಂ ಶಬ್ದದ ಚಿಪ್ ಇಲ್ಲಿ ಇಲ್ಲವಲ್ಲ, ಮಿಕ್ಸಿಂಗ್ ಪೂರ್ತಿ ಪ್ರೊಸೆಸರ್ ತಲೆ ಮೇಲೆ. ಫ್ರೇಮಿಗೆ ಇರುವುದು ಸುಮಾರು 2,80,000 ಸೈಕಲ್. ಶಬ್ದವೇ ಕಾಲುಭಾಗ ತಿಂದರೆ ಆಟಕ್ಕೆ ಉಳಿಯುವುದು ಕಮ್ಮಿ.

ಸ್ಕ್ರೀನ್ ವಿಚಾರ: 320×224ರಿಂದ 240×160. ಕುಗ್ಗಿಸುವ ಯೋಚನೆ ಮಾಡಬೇಡಿ. ಅಡ್ಡಕ್ಕೆ ನಾಲ್ಕರಲ್ಲಿ ಒಂದು ಕಂಬ ಹಾರಿಸಬೇಕು, ಎತ್ತರದಲ್ಲಿ ಏಳರಲ್ಲಿ ಎರಡು ಸಾಲು. ಸೋನಿಕ್‌ನ ಕಣ್ಣು ಒಂದು ಹೆಜ್ಜೆಗೆ ಉಂಟು, ಇನ್ನೊಂದಕ್ಕೆ ಇಲ್ಲ. ಕತ್ತರಿಸುವುದೇ ಸರಿ, ಕತ್ತರಿಸಿದ ಮೇಲೆ ಕ್ಯಾಮೆರಾ ಹೊಸದಾಗಿ ಬರೆಯಬೇಕು. ಮೂಲದಲ್ಲಿ ಗಾಳಿಯಲ್ಲಿರುವಾಗ ಮೇಲೆ ಕೆಳಗೆ 32 ಪಿಕ್ಸೆಲ್ ಸಡಿಲ ಉಂಟು, ಅಷ್ಟರೊಳಗೆ ಕ್ಯಾಮೆರಾ ಅಲುಗುದಿಲ್ಲ. 160 ಎತ್ತರದಲ್ಲಿ ಅದನ್ನು 16ಕ್ಕೆ ಇಳಿಸಬೇಕು, ಬೀಳುವಾಗ ಕ್ಯಾಮೆರಾ ಮೊದಲೇ ಕೆಳಗೆ ಸರಿಯುವ ಹಾಗೆ ಮಾಡಬೇಕು.

ಮಲ್ಪೆ_144

ಕುಗ್ಗಿಸಿದ್ರೆ ಎಂತ ಆಗ್ತದೆ ಅಂತ ನೋಡ್ಲಿಕ್ಕೆ 2010ರ ಡಿಎಸ್ ಕಾರ್ಟ್ರಿಜ್ ಉಂಟಲ್ಲ, ಸೋನಿಕ್ ಕ್ಲಾಸಿಕ್ ಕಲೆಕ್ಷನ್. 320×224 ಅನ್ನು 256×192ಕ್ಕೆ ಹಿಂಡಿದ್ದಾರೆ. ನೋಟ ಪೂರ್ತಿ ಸಿಗ್ತದೆ, ಗೆರೆಗಳು ಕದಡಿ ಹೋಗ್ತವೆ, ಸೋನಿಕ್ 2ರ ಇಬ್ಬರ ಆಟವನ್ನೇ ತೆಗೆದುಬಿಟ್ಟಿದ್ದಾರೆ. ಎರಡು ಯಂತ್ರ ವೈರ್ ಇಲ್ಲದೆ ಮಾತಾಡುವ ಡಿಎಸ್‌ನಲ್ಲಿ ಇಬ್ಬರ ಆಟ ಇಲ್ಲ!

ಸರಿಯಾಗಿ ಕೂತದ್ದು ಸೋನಿಕ್ 1ರ 2013ರ 3ಡಿಎಸ್ ಆವೃತ್ತಿ. ಎಂ2 ಅನ್ನುವ ಕಂಪನಿ ಮಾಡಿದ್ದು. ಮೇಲಿನ ಸ್ಕ್ರೀನ್ 400×240, 320×224 ಹಾಗೇ ಒಳಗೆ ಹಿಡೀತದೆ, ಒಂದು ಪಿಕ್ಸೆಲ್ ಕಳೆಯಬೇಕಿಲ್ಲ, ಹಿಗ್ಗಿಸಬೇಕಿಲ್ಲ. ಬೇಕಾದ್ರೆ ಸ್ಪಿನ್ ಡ್ಯಾಶ್ (ನಿಂತಲ್ಲೇ ಸುತ್ತಿ ಮುಂದೆ ಚಿಮ್ಮುವುದು) ಸೇರಿಸಿಕೊಳ್ಳಬಹುದು.

ಸೋನಿಕ್ ಅಡ್ವಾನ್ಸ್ 2 ಬಗ್ಗೆ ಒಂದೇ ತಕರಾರು: ಪ್ರತಿ ಆಕ್ಟ್‌ನಲ್ಲಿ 7 ವಿಶೇಷ ರಿಂಗ್ ಹುಡುಕಿದ್ರೆ ಮಾತ್ರ ಸ್ಪೆಷಲ್ ಸ್ಟೇಜ್. ಆ ಹಂತಗಳನ್ನು ಕಟ್ಟಿದ್ದು ಒಂದೇ ದಿಕ್ಕಿಗೆ ಓಡಲಿಕ್ಕೆ, ಒಂದು ರಿಂಗ್ ತಪ್ಪಿದ್ರೆ ಹಿಂದೆ ಬರುವ ದಾರಿ ಹೆಚ್ಚಿನ ಕಡೆ ಮುಚ್ಚಿರ್ತದೆ. ಏಮಿ ಅನ್ನುವ ಪಾತ್ರ ಬೇಕಾದ್ರೆ ನಾಲ್ಕು ಪಾತ್ರಕ್ಕೂ ಏಳೇಳು ಎಮರಾಲ್ಡ್, 28 ಸಲ. ಓಡು ಅಂತ ಹೇಳುವ ಆಟ, ಹುಡುಕು ಅಂತ ಶಿಕ್ಷೆ.

ಕುಂದಾಪ್ರ_ಕಾರ್ಟ್

ಈಗ ಎಮ್ಯುಲೇಟರ್ (ಹಳೇ ಯಂತ್ರದ ನಕಲು ಮಾಡುವ ತಂತ್ರಾಂಶ) ಹ್ಯಾಂಡ್‌ಹೆಲ್ಡ್‌ನಲ್ಲಿ ಆಡುವವರಿಗೆ ಯಾವ ಸೆಟ್ಟಿಂಗ್ ಇಡಬೇಕು ಹೇಳಿ. 640×480 ಸ್ಕ್ರೀನಿನದ್ದು.

ಸುರತ್ಕಲ್_ಸೋಲ್ಡರ್

ಇಂಟಿಜರ್ ಸ್ಕೇಲ್ (ಚಿತ್ರವನ್ನು ಪೂರ್ಣ ಸಂಖ್ಯೆಯ ಪಟ್ಟಿನಲ್ಲಿ ಮಾತ್ರ ಹಿಗ್ಗಿಸುವುದು) ಆನ್ ಮಾಡಿ. ಗೇಮ್ ಗಿಯರ್ 3 ಪಟ್ಟು, 480×432. ನಿಯೋ ಜಿಯೋ ಪಾಕೆಟ್ 3 ಪಟ್ಟು, 480×456. ಮೆಗಾಡ್ರೈವ್ 2 ಪಟ್ಟು, 640×448, ಅದು ಅಳತೆ ತೆಗೆದು ಹೊಲಿದ ಹಾಗೆ ಕೂರ್ತದೆ. ಮಾಸ್ಟರ್ ಸಿಸ್ಟಮ್ 2 ಪಟ್ಟು, 512×384. ಅಡ್ವಾನ್ಸ್ ಮಾತ್ರ 480×320ಕ್ಕೇ ನಿಲ್ತದೆ, ಮೂರು ಪಟ್ಟಿಗೆ 720×480 ಬೇಕು. ಅಡ್ವಾನ್ಸ್ ಜಾಸ್ತಿ ಆಡುವವರು ಆ ಅಳತೆಯ ಸ್ಕ್ರೀನೇ ನೋಡಿ ತಗೊಳ್ಳಿ.

ಮಣಿಪಾಲ_ಅಸೆಂಬ್ಲಿ

ಇದಕ್ಕೆ ಎರಡು ಸೇರಿಸ್ತೇನೆ. ಜೆನೆಸಿಸ್ ಪ್ಲಸ್ ಜಿಎಕ್ಸ್ ಅನ್ನುವ ಎಮ್ಯುಲೇಟರ್ ಕೋರ್‌ನಲ್ಲಿ ಗೇಮ್ ಗಿಯರ್‌ನ ವಿಸ್ತರಿಸಿದ ಸ್ಕ್ರೀನ್ ಅಂತ ಒಂದು ಆಯ್ಕೆ ಉಂಟು, ಕತ್ತರಿಸಿದ ಅಂಚೂ ಕಾಣ್ತದೆ. ಸೋನಿಕ್ 2ರ ಮೊದಲ ಬಾಸ್‌ಗೆ ಹಾಕಿ ನೋಡಿ. ಅಂಚಿನಲ್ಲಿ ಅರ್ಧಂಬರ್ಧ ಬರೆದ ಟೈಲ್, ಥಟ್ಟನೆ ಹುಟ್ಟುವ ಶತ್ರು ಕಾಣಬಹುದು. ಆ ಜಾಗ ಯಾರೂ ನೋಡುದಿಲ್ಲ ಅಂತ ಬಿಟ್ಟದ್ದು, ಎಮ್ಯುಲೇಟರ್ ಹಾಳಾದದ್ದಲ್ಲ.

ಎರಡನೆಯದು ತಡ. ರನ್-ಅಹೆಡ್ (ಗುಂಡಿ ಒತ್ತಿದ ಫಲವನ್ನು ಮೊದಲೇ ಲೆಕ್ಕ ಹಾಕಿ ತಡ ತಗ್ಗಿಸುವ ಸೆಟ್ಟಿಂಗ್) ಅನ್ನು 1 ಫ್ರೇಮಿಗೆ ಇಡಿ. ಬ್ಲೂಟೂತ್ ಪ್ಯಾಡ್ ಮತ್ತು ಟಿವಿ ಸೇರಿ 3 ಫ್ರೇಮ್ ತಡ ಮಾಡಿದ್ರೆ ಮೇಲೆ ಹೇಳಿದ ಗೇಮ್ ಗಿಯರ್‌ನ 0.22 ಸೆಕೆಂಡ್, ಅಂದ್ರೆ 13 ಫ್ರೇಮಿನಲ್ಲಿ 10 ಉಳೀತದೆ. 2ಕ್ಕೆ ಏರಿಸಿದ್ರೆ ಈ 8-ಬಿಟ್ ಆಟಗಳಲ್ಲಿ ಜಿಗಿತದ ಮೊದಲ ಚಿತ್ರವೇ ಹಾರಿಹೋಗಬಹುದು, ಹಾಗೆ ಆದ್ರೆ 1ಕ್ಕೆ ಇಳಿಸಿ.

ಕುಂದಾಪ್ರ_ಕಾರ್ಟ್

ಗೇಮ್ ಗಿಯರ್‌ನ ಸೋನಿಕ್ ಟ್ರಿಪಲ್ ಟ್ರಬಲ್‌ಗೆ ಮಾಸ್ಟರ್ ಸಿಸ್ಟಮ್ ಆವೃತ್ತಿ ಉಂಟಾ?

ಕೊಡಿಯಾಲ_ಸ್ಕ್ರೋಲ್

ಅಧಿಕೃತ ಇಲ್ಲ, 1994ರಲ್ಲಿ ಗೇಮ್ ಗಿಯರ್‌ಗೆ ಮಾತ್ರ ಬಂದದ್ದು. ಅಗಲದ ನೋಟ ಬೇಕಾದ್ರೆ 2022ರಲ್ಲಿ ನೋವಾ ಕೋಪ್‌ಲ್ಯಾಂಡ್ ಮಾಡಿದ ಟ್ರಿಪಲ್ ಟ್ರಬಲ್ 16-ಬಿಟ್ ಆಡಿ. ಅಭಿಮಾನಿ ಆವೃತ್ತಿ, ಹಂತಗಳನ್ನು ಮೆಗಾಡ್ರೈವ್ ಶೈಲಿಗೆ ಹೊಸದಾಗಿ ಬಿಡಿಸಿದ್ದಾರೆ. ಅದು ಕಂಪ್ಯೂಟರ್ ಆಟ, ಕಾರ್ಟ್ರಿಜ್‌ನ ರೋಮ್ ಫೈಲ್ ಅಲ್ಲ, ಹಾಗಾಗಿ ನಿಮ್ಮ 640×480ರ ಎಮ್ಯುಲೇಟರ್‌ನಲ್ಲಿ ಹುಡುಕಬೇಡಿ.